ನಮ್ಮನೇನೂ ಜಪ್ತಿ ಮಾಡಿ

ಜಪ್ತಿ ಗಾಡಿ ಬರುತ್ತದೆಂದು ಡಂಗುರ ಕೇಳಿದ್ದೇ ತಡ, ಊರಿನ ಹಂಡೆ ಕೊಳಗಗಳೆಲ್ಲ ಹುಲ್ಲಿನ ಬಣವೆ ಸೇರಿದವು. ಖಾಜಾಬಿಯ ತಾಮ್ರದ ಹಂಡೆ ಮಾತ್ರ ಒಲೆಯಿಂದಿಳಿದು, ಮಸಿ ತೊಳೆಸಿಕೊಂಡು, ಬೀದಿಯ ನಡುವೆ ಬಂದು ಕುಳಿತಿತು. ಪಕ್ಕದಲ್ಲಿ ಖಾಜಾಬಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

ಮನೆ ಕಂದಾಯ ಕಟ್ಟದವರ ಪಾತ್ರೆಗಳನ್ನು ಬಣವೆಯಿಂದಲೂ ಹುಡುಕಿ ಎತ್ತಿಕೊಂಡು ಬರುತ್ತಿದ್ದ ಪಂಚಾಯಿತಿ ಸೆಕ್ರೆಟರಿ ಶಿವರಾಮ ಎತ್ತಿನ ಗಾಡಿ ನಿಲ್ಲಿಸಿದ.

“ಏನಮ್ಮ ಇದು? ದಾರಿ ಬಿಡು.”

“ನಮ್ಮನೇನೂ ಜಪ್ತಿ ಮಾಡಿ ಸ್ವಾಮಿ. ಹಂಡೆ ತಗೊಂಡ್ಹೋಗಿ, ಚೀಟಿ ಕೊಡಿ.”

ಶಿವರಾಮನಿಗೆ ಇಂಥ ಗಿರಾಕಿ ಹೊಸದು. “ನಿನ್ನ ಮೇಲೆ ಕಂದಾಯಾನೇ ಹಾಕಿಲ್ವಲ್ಲಮ್ಮ. ಬಾಕಿ ಇಲ್ದೆ ಜಪ್ತಿ ಹೆಂಗೆ ಮಾಡ್ಲಿ?”

“ಯಾಕೆ ಹಾಕಿಲ್ಲ? ತಗೊಳ್ಳಿ ತಗೊಳ್ಳಿ ಅಂತ ನಾನು ಎಷ್ಟು ಸಲ ಚಾವಡಿ ಮೆಟ್ಲು ಹತ್ತಿಲ್ಲ?”

ಯಾಕೆ ಹಾಕಿಲ್ಲವೆಂಬುದು ಊರಿಗೇ ಗೊತ್ತಿತ್ತು. ಭದ್ರಾವತಿಯ ಕಾರ್ಖಾನೆಗೆ ಸೌದೆ ಗಾಡಿ ಹೊಡೆಯುತ್ತಿದ್ದ ಅವಳ ಗಂಡ ಗೌಸ್, ರಸ್ತೆ ಪಕ್ಕದ ಆ ಜಾಗವನ್ನು ಈಗಿನ ಛೇರ್ಮನ್ ಪುಟ್ಟಣ್ಣನವರ ತಂದೆಯಿಂದ ಕೊಂಡು ಮನೆ ಕಟ್ಟಿದ್ದ. ಬರೀ ಬಾಯಿಮಾತಿನ ವ್ಯಾಪಾರ. ಈಗ ಮಾತು ಕೊಟ್ಟವರೂ ಇಲ್ಲ, ಪಡೆದವನೂ ಇಲ್ಲ. ಜನ್ನಾಪುರದ ಬಸ್ಸು ಊರಿನವರೆಗೂ ಬರತೊಡಗಿದ ಮೇಲೆ ಪುಟ್ಟಣ್ಣನವರಿಗೆ ಆ ಜಾಗದಲ್ಲಿ ಅಕ್ಕಿ ಗಿರಣಿ ಹಾಕುವ ಆಸೆ ಹುಟ್ಟಿತು. ಅದು ಮನೆಯೇ ಅಲ್ಲ, ತಮ್ಮ ಹಳೇ ಗಾಡಿ ಕೊಟ್ಟಿಗೆ, ಯುಗಾದಿ ಕಳೆದ ಮೇಲೆ ಖಾಲಿ ಮಾಡತಕ್ಕದ್ದು ಎಂದುಬಿಟ್ಟರು. ಕಂದಾಯ ಕಟ್ಟಿಸಿಕೊಂಡರೆ ರಸೀದಿ ಕೊಡಬೇಕು, ರಸೀದಿ ಕೊಟ್ಟರೆ ಮನೆ ಅವಳದೆಂದು ಒಪ್ಪಬೇಕು. ಹಾಗಾಗಿ ಉಳಿದವರ ಅಡುಗೆಮನೆಗೇ ನುಗ್ಗುವ ಪಂಚಾಯಿತಿಗೆ ಇವಳ ದುಡ್ಡೆಂದರೆ ಎಲ್ಲಿಲ್ಲದ ಸಂಕೋಚ.

ಶಿವರಾಮ ತಲೆ ಕೆರೆದುಕೊಳ್ಳುತ್ತಿದ್ದಂತೆಯೇ ಖಾಜಾಬಿ ಹಂಡೆಯನ್ನು ತಾನೇ ಎತ್ತಿ ಗಾಡಿಗೆ ಹಾಕಿದಳು. ಸದ್ದು ಕೇಳಿ ಎದುರು ಮನೆಯ ಜಗಲಿಯಿಂದ ಪುಟ್ಟಣ್ಣನವರು ಇಳಿದು ಬಂದರು. ಅವರ ಹೆಂಡತಿ ಪ್ರೇಮಮ್ಮ ಬಾಗಿಲಿಗೆ ಬಂದು ನಿಂತರು.

“ಇಳಿಸ್ರೋ ಅದನ್ನ!” ಎಂದು ಪುಟ್ಟಣ್ಣನವರು ಗದರಿದರು. “ಅದು ಮನೇನೇ ಅಲ್ಲ ಅಂದ್ಮೇಲೆ ಜಪ್ತಿ ಎಲ್ಲಿಂದ ಬಂತು? ಹೋಗಮ್ಮ, ನಿಂಗೆ ಮಾಫಿ.”

ಮಾಫಿ ಎಂಬ ಮಾತಿಗೆ, ಪಾತ್ರೆ ಕಳೆದುಕೊಂಡು ಗಾಡಿಯ ಹಿಂದೆ ಬರುತ್ತಿದ್ದ ಜನರ ಕಿವಿ ನೆಟ್ಟಗಾಯಿತು. ಖಾಜಾಬಿ ಅವರನ್ನೊಮ್ಮೆ ನೋಡಿದಳು. ಆಡಬಾರದ ಮಾತೊಂದು ನಾಲಿಗೆಯ ತುದಿಗೆ ಬಂದಿತ್ತು. ಆಡಿದರೆ ತನ್ನ ಹೆಸರೂ ಕೆಡುತ್ತದೆಂದು ಅವಳಿಗೆ ಗೊತ್ತು, ಹೆದರಿಕೆಯೂ ಆಯಿತು. ಆದರೆ ಮನೆಯೇ ಹೋದ ಮೇಲೆ ಒಳ್ಳೆ ಹೆಸರನ್ನು ಇಟ್ಟುಕೊಳ್ಳುವುದಾದರೂ ಎಲ್ಲಿ? ತಲೆಯ ಮೇಲಿನ ಸೆರಗನ್ನು ಎಳೆದುಕೊಂಡು, ಬೀದಿಯ ಆ ತುದಿಗೂ ಕೇಳುವಂತೆ ಅಂದಳು:

“ಊರಿಗೆಲ್ಲ ಜಪ್ತಿ, ಗಂಡ ಸತ್ತ ಖಾಜಾಬಿ ಒಬ್ಬಳಿಗೆ ಮಾಫಿ! ಯಾಕೆ ಛೇರ್ಮನ್ರೇ? ನಾಳೆ ಜನ ಕೇಳಿದ್ರೆ ನಾನು ಏನಂತ ಹೇಳ್ಲಿ?”

ಯಾರೋ ಕಿಸಕ್ಕನೆ ನಕ್ಕರು. ಪುಟ್ಟಣ್ಣನವರು ಬಾಯಿ ತೆರೆದರು. ಆದರೆ ಮಾತಾಡಿದವರು ಪ್ರೇಮಮ್ಮ.

“ಹೌದಲ್ರೀ, ಯಾಕೆ?”

ಚುನಾವಣೆಯಲ್ಲಿ ಎದುರಾಳಿಯ ಬೆವರಿಳಿಸಿದ್ದ ಪುಟ್ಟಣ್ಣನವರು ಹೆಂಡತಿಯ ಒಂದೇ ಪ್ರಶ್ನೆಗೆ ಬೆವತುಹೋದರು. ಮಾನ ಉಳಿಸಿಕೊಳ್ಳುವ ಗಡಿಬಿಡಿಯಲ್ಲಿ ಗಿರಣಿಯ ನೆನಪೇ ಹಾರಿಹೋಯಿತು.

“ಯಾವಳಿಗಯ್ಯ ಮಾಫಿ? ಶಿವರಾಮ, ಹಾಕು ಇವಳ ಮೇಲೆ ಕಂದಾಯ! ಹಿಂದಿನ ವರ್ಷದ್ದೆಲ್ಲ ಸೇರಿಸಿ ಹಾಕು! ಒಂದು ನಯಾಪೈಸೆನೂ ಬಿಡಬೇಡ!”

“ಸಾರ್, ಹಿಂದಿನದ್ದೂ ಹಾಕಿಬಿಟ್ರೆ ಆ ಮನೆ...” ಶಿವರಾಮ ಪಿಸುಗುಟ್ಟಿದ.

“ಹೇಳಿದಷ್ಟು ಮಾಡಯ್ಯ!”

“ನಮ್ಮ ಯಜಮಾನ್ರು ಗೋಡೆ ಎಬ್ಬಿಸಿದ ವರ್ಷದಿಂದ್ಲೇ ಹಾಕಿ ಸ್ವಾಮಿ,” ಎಂದಳು ಖಾಜಾಬಿ. “ನ್ಯಾಯ ನ್ಯಾಯಾನೇ.”

ಶಿವರಾಮ ಗಾಡಿಯ ಹಲಗೆಯ ಮೇಲೆ ಕಾಗದವಿಟ್ಟು, ಖಾಜಾಬಿಯ ಮನೆಯಿಂದ ಕಂದಾಯದ ಬಾಕಿಗಾಗಿ ತಾಮ್ರದ ಹಂಡೆ ಜಪ್ತಿ ಮಾಡಿದೆ ಎಂದು ಬರೆದ. ಪ್ರೇಮಮ್ಮ ಇನ್ನೂ ಬಾಗಿಲಲ್ಲೇ ನಿಂತಿದ್ದರಿಂದ ಛೇರ್ಮನ್ನರು ಎರಡು ಮಾತಾಡದೆ ರುಜು ಗೀಚಿದರು. ಖಾಜಾಬಿ ಚೀಟಿಯನ್ನು ಗಟ್ಟಿಯಾಗಿ ಓದಿಸಿ ಕೇಳಿಸಿಕೊಂಡಳು. ಆಮೇಲೆ ಮಡಿಚಿ ರವಿಕೆಯೊಳಗೆ ಇಟ್ಟುಕೊಂಡಳು.

ಗಾಡಿ ಹೊರಟಿತು. ತನ್ನ ಹಂಡೆಯನ್ನೂ ಕಳೆದುಕೊಂಡಿದ್ದ ಪಕ್ಕದ ಮನೆಯ ಪುಷ್ಪಮ್ಮ ಮೂಗು ಒರೆಸಿಕೊಳ್ಳುತ್ತ ಹತ್ತಿರ ಬಂದಳು.

“ನಿನ್ಹತ್ರ ದುಡ್ಡಿದೆಯಲ್ಲ ಮಾರಾಯ್ತಿ, ಸಂಜೆಯೇ ಹೋಗಿ ಕಟ್ಟಿ ಬಿಡಿಸ್ಕೊಂಡು ಬಾ. ಇಲ್ದಿದ್ರೆ ಸಂತೆ ದಿನ ಹರಾಜಿಗೆ ಹಾಕ್ತಾರೆ.”

“ಹಾಕ್ಲಿ,” ಎಂದಳು ಖಾಜಾಬಿ. “ಸಂತೆ ಜನದ ಮುಂದೆ ಛೇರ್ಮನ್ರೇ ನಿಂತು ‘ಖಾಜಾಬಿ ಮನೆ ಹಂಡೆ, ಖಾಜಾಬಿ ಮನೆ ಹಂಡೆ’ ಅಂತ ಕೂಗಿಸ್ಬೇಕಲ್ಲ! ಹೊಟ್ಟೆ ತುಂಬ ಕೇಳ್ಕೊಂಡು, ಆಮೇಲೆ ನಾನೇ ಸವಾಲು ಕೂಗಿ ತರ್ತೀನಿ.”