ಮದುವೆ ಜವಳಿಯ ಗಿರಾಕಿ

ಶಾಬುದ್ದೀನ ಅಂಗಡಿಯ ಕೀಲಿಯನ್ನು ಮಾಲೀಕ ಶಂಕರಲಿಂಗನ ಕೈಗಿಟ್ಟ. ಇಳಕಲ್ ಪೇಟೆಯಲ್ಲಿ ಅಪ್ಪನ ಕಾಲದಿಂದ ಸೀರೆ ಮಾರುತ್ತ ಬಂದ ಬಾಡಿಗೆ ಅಂಗಡಿ.

"ಇನ್ನೊಮ್ಮೆ ವಿಚಾರ ಮಾಡ್ರಿ ಸಾಬ್ರ. ಹುನಗುಂದದವ ಒಬ್ಬ ಕಾದು ಕುಂತಾನ. ಅವಗ ಕೊಟ್ರ ತಿರುಗಿ ಸಿಗೂದಿಲ್ಲ."

"ಕೊಡ್ರಿ. ನನ್ನ ಅಂಗಡಿಗೆ ಇನ್ನ ಗ್ವಾಡಿ ಯಾಕ?" ಶಾಬುದ್ದೀನ ಮೊಬೈಲ್ ಮುಂದೆ ಹಿಡಿದ. ಅದರಲ್ಲಿ ಎಣಿಕೆ ಏರುತ್ತಿತ್ತು.

ವಿದ್ಯಾಗಿರಿಯ ಪ್ರಿಯದರ್ಶಿನಿ ಅವನಿಗೆ ಆನ್‌ಲೈನ್ ಅಂಗಡಿ ಕಟ್ಟಿಕೊಡುತ್ತಿದ್ದಳು. ಮುಂಬಾಗಿಲಿಗೆ ಲೋಡ್ ಬ್ಯಾಲೆನ್ಸರ್. ಬಂದವರನ್ನು ಸುರಕ್ಷಿತ ದಾರಿಯಲ್ಲಿ ಒಳಗೆ ಕಳಿಸುವುದು ಅದರ ಕೆಲಸ. ಒಳಗೆ ಎಪಿಐ, ಯಾವ ಸೀರೆ ಇದೆ, ದರ ಏನು ಎಂದು ಉತ್ತರಿಸುವುದು ಅದರ ಕೆಲಸ. ಶಾಬುದ್ದೀನನ ತಲೆಗೆ ಹತ್ತಿದ್ದು ಒಂದೇ: ಎಪಿಐ ಬಾಗಿಲಿಗೆ ಯಾರಾದರೂ ಬಂದರೆ ಎಣಿಕೆ ಏರುತ್ತದೆ.

ಹೆಂಡತಿ ಆರಿಫಾ ಬೆಳಿಗ್ಗೆಯೇ ಚುಚ್ಚಿದ್ದಳು. "ಬರೂದೇನೋ ಖರೆ. ಒಂದ ಸೀರಿನರ ಹೋತೇನ್ರಿ?"

"ಮದುವಿ ಜವಳಿ ಅದು. ಮೊದಲನೇ ಸಲಕ್ಕ ಯಾರರ ತಗೋತಾರೇನು?"

ಪೇಟೆ ಅವನಿಗೆ ಕಲಿಸಿದ ಪಾಠ ಅದು. ಗಂಟು ಬಿಚ್ಚಿಸಿ, ಚಹಾ ಕುಡಿದು, ಬರಿಗೈಲಿ ಎದ್ದು ಹೋಗಿ, ಮತ್ತೆ ಬಂದು ಅದನ್ನೇ ಕೇಳುವವರೇ ದೊಡ್ಡ ಗಿರಾಕಿ. ಮೊಬೈಲಿನಲ್ಲಿ ಎಣಿಕೆ ಏರಿಸುತ್ತಿದ್ದ ಈ ಗಿರಾಕಿಯೂ ಹಾಗೆಯೇ. ಬರುವುದು ಒಂದೇ ಕಡೆಯಿಂದ. ಕೇಳುವುದು ಒಂದೇ ಮಾತು. ಊಟದ ಹೊತ್ತಿಗೂ ಬಿಡುವಿಲ್ಲ. ಹೆಣ್ಣಿನ ಸೋದರತ್ತೆಯೇ ಇರಬೇಕು ಎಂದು ಅವನು ತೀರ್ಮಾನಿಸಿದ.

ಅಷ್ಟರಲ್ಲಿ ಕೆರೂರಿನ ಹೆಂಗಸರಿಬ್ಬರು ಕಟ್ಟೆ ಹತ್ತಿದರು.

"ಇಲ್ಲಿ ಬಂದ್ ಆತ್ರಿ ಅಕ್ಕಾರ. ಇನ್ನ ಮೊಬೈಲ್‌ನ್ಯಾಗ ನೋಡ್ರಿ."

"ಮೊಬೈಲ್‌ನ್ಯಾಗ ಸೆರಗ ಹೆಂಗ ಮುಟ್ಟಿ ನೋಡೂದೋ ಯಪ್ಪಾ?" ಎನ್ನುತ್ತ ಅವರು ಎದುರಿನ ಅಂಗಡಿಗೆ ಹೋದರು. ಶಾಬುದ್ದೀನನಿಗೆ ಅವರ ಮೇಲೆ ಕನಿಕರ ಬಂತು. ಕಾಲ ಬದಲಾದದ್ದು ಪಾಪ, ಅವರಿಗೆ ಗೊತ್ತಿರಲಿಲ್ಲ.

ಸಂಜೆಗೆ ಹುನಗುಂದದವನ ಬೋರ್ಡು ಏರಿತು. ಮೊಳೆ ಹೊಡೆಯುವ ಸದ್ದು ಮುಗಿಯುವವರೆಗೆ ನಿಂತು ನೋಡಿ, ಶಾಬುದ್ದೀನ ಪ್ರಿಯದರ್ಶಿನಿಗೆ ಫೋನ್ ಹಚ್ಚಿದ.

"ಬೇಟಿ, ಬಿಡದ ಬರಾಕತ್ತಾರಲ್ಲ, ಆ ಗಿರಾಕಿ ಹೆಸರ ಹುಡುಕಿ ಕೊಡು. ನಾನ ಮಾತಾಡಿ ಸೌದಾ ಮುಗಸ್ತೇನಿ."

"ಯಾವ ಗಿರಾಕಿರಿ ಕಾಕಾ? ಸುರಕ್ಷಿತ ದಾರಿಗೆ ಬೇಕಾದ ಸರ್ಟಿಫಿಕೇಟ್ ಇನ್ನೂ ಬಂದಿಲ್ಲ. ಹೊರಗಿನ ಮಂದಿಗೆ ಬಾಗಲಾನ ತಗದಿಲ್ಲಲ್ಲ."

ಶಾಬುದ್ದೀನ ಮೊಬೈಲ್ ನೋಡಿದ. ಎಣಿಕೆ ಏರಿತು.

"ಮತ್ತ ಈಗ ಬಂದು ಕೇಳಿ ಹೋದವರು ಯಾರು?"

"ನಮ್ಮ ಲೋಡ್ ಬ್ಯಾಲೆನ್ಸರ್ ರೀ ಕಾಕಾ. ಒಳಗಿನ ಎಪಿಐ ಜೀವಂತ ಐತೋ, ಸತ್ತೈತೋ ಅಂತ ಘಳಿಗಿಗೊಮ್ಮೆ ಕೇಳಿ ಹೋಗ್ತೈತಿ."