ಜಿಂಕೆಗೊಂದು ಕೋವಿ

ಬೇಟೆಗೆ ಲೈಸೆನ್ಸು ಸಿಗುತ್ತಿದ್ದ ಕಾಲ. ಮಡಿಕೇರಿಯ ಕೋವಿ ಅಂಗಡಿಯಲ್ಲಿ ದೇಚಮ್ಮನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹೋದ ವಾರ ಒಬ್ಬನೇ ಮೈಸೂರಿನ ಡಾಕ್ಟರನ್ನು ಕಂಡು ಬಂದ ಗಂಡ, "ಗ್ಯಾಸು, ಅಷ್ಟೆ" ಎಂದವನೇ ಹೊಸ ಕೋವಿಯ ಹಟ ಹಿಡಿದಿದ್ದ. ಅವಳೂ ಬರಲೇಬೇಕಂತೆ.

ಆಚೆ ಗುಡ್ಡದಲ್ಲಿ ಬೆನ್ನುಬೆನ್ನಿಗೆ ಎರಡು ಗುಂಡು ಹಾರಿದವು.

"ಯಾರೋ ತೀರಿಕೊಂಡ್ರು," ಎಂದ ಅಂಗಡಿಯವ. ಕೊಡಗಿನಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು.

ಅವನು ಒಂದು ರೈಫಲ್ ತೆಗೆದಿಟ್ಟ. "ಜಿಂಕೆಗಾದ್ರೆ ಇದು ತಗೊಳ್ಳಿ. ಲಿವರ್ ಎಳೆದ್ರೆ ಸಾಕು, ಎರಡನೇ ಗುಂಡು ತಯಾರು. ನಿಮ್ಮ ಹಳೇ ಕೇಪಿನ ಕೋವಿ ಹಾಗೆ ಮದ್ದು ಜಡೀತಾ ಕೂರ್ಬೇಕಾಗಿಲ್ಲ."

ಗಂಡ ಅದನ್ನು ಅವಳ ಕೈಗಿತ್ತ. "ಎತ್ತು, ನೋಡುವ."

"ನನಗ್ಯಾಕೆ? ಮನೇಲಿರೋದು ನಾವಿಬ್ಬರು, ಜಿಂಕೆ ತಿನ್ನೋರು ಯಾರು?"

ಅವನು ಅಂಗಡಿಯವನತ್ತ ತಿರುಗಿದ. "ಇದಕ್ಕಿಂತ ಸಣ್ಣ ಗುಂಡಿನದು ಕೊಡಿ. ಹೆಗಲಿಗೆ ಒದೀಬಾರ್ದು."

"ಸಣ್ಣ ಗುಂಡಿಗೆ ಜಿಂಕೆ ಬೀಳಲ್ಲ ಸಾರ್."

"ಸದ್ದು ಪಕ್ಕದ ತೋಟಗಳಿಗೆ ಕೇಳ್ತದಲ್ಲ?"

"ಕೇಳತ್ತೆ. ಜಿಂಕೆಗೂ ಕೇಳಿ ಓಡಿಹೋಗತ್ತೆ."

ಗಂಡ ನಗಲಿಲ್ಲ. ಅಂಗಡಿಯವ ತೆಗೆದುಕೊಟ್ಟ ಸಣ್ಣ ರೈಫಲ್ಲನ್ನು ಅವಳ ಹೆಗಲಿಗೆ ಆನಿಸಿ, ಲಿವರನ್ನು ಅವಳ ಕೈಯಿಂದಲೇ ಮತ್ತೆ ಮತ್ತೆ ಎಳೆಸಿದ.

"ಗುಂಡು ಒಂದು ಡಬ್ಬಿ ಕೊಡ್ಲಾ?"

ಅವಳ ಮುಖ ನೋಡದೆ ಗಂಡ ಹೇಳಿದ: "ಡಬ್ಬಿ ಬೇಡ. ಎರಡೇ ಸಾಕು."