ಥರ್ಮಾಕೋಲಿನ ಗೋರಿಕಲ್ಲು

ಪೆಟ್ಟಿಗೆಗೆ ಕೈಹಾಕಿದ ಆರ್ಡಿತ್ ಹೊರತೆಗೆದದ್ದು ತಮ್ಮ ಗಂಡನ ಗೋರಿಕಲ್ಲನ್ನೇ. ಥರ್ಮಾಕೋಲಿನದು. ಶಾಲೆಯಲ್ಲಿ ದೆವ್ವಗಳ ಹಬ್ಬ ಹ್ಯಾಲೋವೀನ್‌ನ ಮೇಳಕ್ಕೆ ಮೇಷ್ಟ್ರುಗಳ ಹೆಸರಲ್ಲಿ ಸುಳ್ಳು ಗೋರಿಗಳನ್ನು ನಿಲ್ಲಿಸಿ ಮಕ್ಕಳನ್ನು ನಗಿಸುವುದು ಒಹಾಯೋದ ಆ ಪುಟ್ಟ ಊರಿನ ರೂಢಿ. ಅದೇ ಶಾಲೆಯಲ್ಲಿ ಬ್ಯಾಂಡ್ ಕಲಿಸುತ್ತಿದ್ದ ಅವರ ಗಂಡ ವೆಂಡೆಲ್ ಏಪ್ರಿಲ್‌ನಲ್ಲಿ ನಿಜವಾಗಿಯೂ ತೀರಿಕೊಂಡಿದ್ದರು. ಅವರದನ್ನು ಮೊದಲೇ ತೆಗೆದಿಡಬೇಕಿತ್ತೆಂದು ಮೇಳದ ಹೊಣೆ ಹೊತ್ತ ಜನೆಲ್‌ಗೆ ಹೊಳೆದದ್ದು ಈಗ.

"ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಕೊಡಿ ಇಲ್ಲಿ ಆರ್ಡಿತ್, ಆಚೆ ಬಿಸಾಕ್ತೀನಿ," ಎಂದು ಅವಳು ಧಾವಿಸಿದಳು. ಕುಂಬಳಕಾಯಿ ಕೊರೆಯುತ್ತಿದ್ದವರ ಚಾಕುಗಳು ನಿಂತವು.

ಆರ್ಡಿತ್ ಬಿಡಲಿಲ್ಲ. ತೋಳಿನಿಂದ ಧೂಳೊರೆಸಿ, ಗಂಡ ತಾವೇ ಬರೆದಿದ್ದ ಸೊಟ್ಟ ಅಕ್ಷರಗಳನ್ನು ಗಟ್ಟಿಯಾಗಿ ಓದಿದರು: "ಇಲ್ಲಿ ವೆಂಡೆಲ್ ಮಲಗಿದ್ದಾನೆ. ಸದ್ಯ, ಯಾರೂ ಕಹಳೆ ಊದುತ್ತಿಲ್ಲ."

ಯಾರಿಗೂ ನಗು ಬರಲಿಲ್ಲ.

"ಯಾಕ್ರೇ, ನಗೋದನ್ನೂ ಮರೆತ್ರಾ? ಮುಂಬಾಗಿಲಲ್ಲೇ ನಿಲ್ಸಿ, ಪ್ರತಿ ಸಲ ಇದ್ದ ಹಾಗೆ," ಎಂದರು ಆರ್ಡಿತ್. ಆಮೇಲೆ ಅವರ ದನಿ ತಗ್ಗಿತು. "ಎಲ್ಲಾ ಮುಗಿದ್ಮೇಲೆ ಮಾತ್ರ ಇದನ್ನ ನಂಗೇ ಕೊಡು, ಜನೆಲ್. ಅವರ ನಿಜವಾದ ಗೋರಿ ಮೇಲೆ ಏನ್ ಕೆತ್ಲಿ ಅಂತ ಕಲ್ಲು ಕೆತ್ತೋನು ಬೇಸಿಗೆಯಿಂದ ಕೇಳ್ತಾನೇ ಇದಾನೆ."